ಬದುಕಿದ್ದೇವೆ, ಪ್ರಮಾಣಪತ್ರ ಸಮೇತ!

ಅರವತ್ತಕ್ಕೆ ಹಾರ ಹಾಕಿ, ಶಾಲು ಹೊದಿಸಿ, ಫೋಟೊ ತೆಗೆದು ಕಳಿಸಿಬಿಡುತ್ತಾರೆ. ಮಾರನೆಯ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಮುಂದಿನ ಹದಿನೆಂಟು ವರ್ಷವನ್ನು ಟಿ.ವಿ. ರಿಮೋಟಿಗೆ ಒಪ್ಪಿಸದೆ ಬಾಳುವುದು ಹೇಗೆ? ಬೆಂಗಳೂರಿನ ಕಲ್ಯಾಣ ನಗರದ ಹಿರಿಯರ ನಡುವೆ ಒಂದು ಸುತ್ತು.

ನವೆಂಬರ್ ಮೊದಲ ವಾರ, ಬೆಳಿಗ್ಗೆ ಒಂಬತ್ತೂಮುಕ್ಕಾಲು. ಕಲ್ಯಾಣ ನಗರದ ಬ್ಯಾಂಕೊಂದರ ಶಟರು ಇನ್ನೂ ಪೂರ್ತಿ ಮೇಲೇರಿಲ್ಲ. ಮೆಟ್ಟಿಲ ಮೇಲೆ ಆಗಲೇ ಹತ್ತು ಹನ್ನೆರಡು ಮಂದಿ. ಸ್ವೆಟರು, ಮಂಕಿ ಕ್ಯಾಪು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಕವರಿನೊಳಗೆ ಪಾಸ್‌ಬುಕ್ಕು, ಆಧಾರ್ ಕಾರ್ಡು, ಪಿಂಚಣಿ ಆದೇಶದ ನಂಬರು ಬರೆದಿಟ್ಟ ಚೀಟಿ.

"ಏನ್ ಸಾರ್, ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀನೋ ಇಲ್ವೋ ಗೊತ್ತಿಲ್ಲ. ಇದ್ದೀನಿ ಅಂತ ಹೇಳೋಕೆ ಬಂದೆ."

ಎಲ್ಲರೂ ನಗುತ್ತಾರೆ. ಪ್ರತಿ ವರ್ಷ ಇದೇ ಜೋಕು, ಪ್ರತಿ ವರ್ಷ ಇದೇ ನಗು.

ಒಳಗೆ ಹೆಬ್ಬೆರಳಿನ ಯಂತ್ರ ಹಟ ಹಿಡಿಯುತ್ತದೆ. ರೈಲ್ವೆ ವರ್ಕ್‌ಶಾಪಿನಲ್ಲಿ ಆಯುಷ್ಯವಿಡೀ ಕಬ್ಬಿಣ ಹಿಡಿದ ಬೆರಳು, ಗೆರೆಗಳೆಲ್ಲ ಸವೆದಿವೆ. ಪಂಚೆಗೆ ಒರೆಸಿ ಒತ್ತಿದರೂ ಇಲ್ಲ, ಇನ್ನೊಂದು ಬೆರಳು ಇಟ್ಟರೂ ಇಲ್ಲ. ಕೊನೆಗೆ ಮೊಬೈಲ್ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿದ ಮೇಲೆ ಕೆಲಸ ಮುಗಿಯುತ್ತದೆ. ಇನ್ನು ಮುಂದಿನ ನವೆಂಬರಿನವರೆಗೆ ಸರ್ಕಾರದ ಲೆಕ್ಕದಲ್ಲಿ ಅವರು ಜೀವಂತ.

'ಜೀವನ್ ಪ್ರಮಾಣ್' ಎಂಬ ಈ ಡಿಜಿಟಲ್ ಜೀವಿತ ಪ್ರಮಾಣಪತ್ರ ಬಂದದ್ದು 2014ರ ನವೆಂಬರಿನಲ್ಲಿ. ಮುಖ ನೋಡಿ ಗುರುತು ಹಿಡಿಯುವ ಸೌಲಭ್ಯ ಸೇರಿದ್ದು 2021ರಲ್ಲಿ. ಪಿಂಚಣಿದಾರ ಉಸಿರಾಡುತ್ತಿದ್ದಾರೆ ಎನ್ನುವುದಕ್ಕೆ ಅದು ಪುರಾವೆ. ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತೀರಿ, ಯಾರ ಜೊತೆ ಮಾತಾಡುತ್ತೀರಿ ಎಂದು ಕೇಳುವ ಕಾಲಂ ಅದರಲ್ಲಿಲ್ಲ. ಆ ಕಾಲಂ ತುಂಬಿಕೊಳ್ಳಬೇಕಾದವರು ನಾವೇ.

ಸರ್ವಿಸ್ಸಿನ ಅರ್ಧದಷ್ಟು ರಜೆ

ದೇಶದ ಜೀವಿತಾವಧಿ ಕೋಷ್ಟಕಗಳ ಪ್ರಕಾರ 60 ತುಂಬಿದ ಭಾರತೀಯರಿಗೆ ಸರಾಸರಿ ಇನ್ನೂ ಸುಮಾರು 18 ವರ್ಷದ ಬದುಕಿದೆ. ಹೆಂಗಸರಿಗೆ ತುಸು ಹೆಚ್ಚೇ. 36 ವರ್ಷ ದುಡಿದವರಿಗೆ ಸರ್ವಿಸ್ಸಿನ ಸರಿ ಅರ್ಧದಷ್ಟು ಕಾಲ ಮುಂದೆ ಬಾಕಿ ನಿಂತಿದೆ.

ನಮ್ಮ ತಾತಂದಿರಿಗೆ ಈ ಚಿಂತೆ ಇರಲಿಲ್ಲ. ಸ್ವಾತಂತ್ರ್ಯ ಬಂದಾಗ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಸ್ಸು 32 ವರ್ಷದ ಆಸುಪಾಸು. ಕೇಂದ್ರ ಸರ್ಕಾರಿ ನೌಕರರು 55ಕ್ಕೇ ಮನೆಗೆ ಹೋಗುತ್ತಿದ್ದರು. 1962ರಲ್ಲಿ ಅದು 58 ಆಯಿತು, 1998ರಲ್ಲಿ 60. ನಿವೃತ್ತಿಯ ವಯಸ್ಸು ಐದೇ ವರ್ಷ ಮೇಲೇರಿತು. ಆಯುಸ್ಸು ಅದಕ್ಕಿಂತ ಎಷ್ಟೋ ವೇಗವಾಗಿ ಬೆಳೆಯಿತು. ನಡುವೆ ಉಳಿದ ಈ ದೊಡ್ಡ ಜಾಗದಲ್ಲಿ ಏನು ಮಾಡಬೇಕು ಎಂದು ಹೇಳುವ ಸಂಪ್ರದಾಯ ನಮ್ಮಲ್ಲಿ ಇನ್ನೂ ರೂಪುಗೊಂಡಿಲ್ಲ. ಕಾಶಿಯಾತ್ರೆ ಹದಿನೈದು ದಿನದಲ್ಲಿ ಮುಗಿಯುತ್ತದೆ. ಆಮೇಲೆ?

> ಬಾಕ್ಸ್: ಅಂಕಿಯಲ್ಲಿ ಹಿರಿಯರು
>
> • 2011ರ ಜನಗಣತಿಯಲ್ಲಿ 60 ದಾಟಿದ ಭಾರತೀಯರು ಸುಮಾರು 10.4 ಕೋಟಿ.
>
> • 2050ರ ಹೊತ್ತಿಗೆ 34 ಕೋಟಿ ಮೀರುತ್ತಾರೆ, ಅಂದರೆ ಐವರಲ್ಲಿ ಒಬ್ಬರು ಹಿರಿಯರು. ಇದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯ ಅಂದಾಜು.
>
> • ವಿಶ್ವಸಂಸ್ಥೆ ಅಕ್ಟೋಬರ್ 1ನ್ನು ಹಿರಿಯರ ದಿನ ಎಂದು ಆಚರಿಸುತ್ತಿರುವುದು 1991ರಿಂದ.
>
> • ಜಗತ್ತಿನ ಮೊದಲ ದೊಡ್ಡ ಸರ್ಕಾರಿ ವೃದ್ಧಾಪ್ಯ ಪಿಂಚಣಿ 1889ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ತಂದದ್ದು. ಕೈಗೆ ಸಿಗುತ್ತಿದ್ದದ್ದು 70 ತುಂಬಿದ ಮೇಲೆ.

ಕೆಳಗೆ ಅಂಕಲ್, ಮೇಲೆ ಐ.ಟಿ.

ಕಲ್ಯಾಣ ನಗರ ಎಂದರೆ ಹೊರವರ್ತುಲ ರಸ್ತೆಯ ಟ್ರಾಫಿಕ್ಕು, ಪಕ್ಕದ ಕಮ್ಮನಹಳ್ಳಿಯ ತಿಂಡಿ ಬೀದಿ, ಕೆಫೆಗಳಲ್ಲಿ ಕೂತ ಕಾಲೇಜು ಹುಡುಗರು ಎಂದೇ ಹೊರಗಿನವರ ಲೆಕ್ಕ. ಅಡ್ಡರಸ್ತೆಗೆ ತಿರುಗಿದರೆ ಇನ್ನೊಂದು ಊರು ಕಾಣುತ್ತದೆ. ಗೇಟಿನ ಪಕ್ಕ ದಾಸವಾಳ, ಕಾಂಪೌಂಡಿನೊಳಗೆ ತೆಂಗಿನ ಮರ, ಜಗಲಿಯಲ್ಲಿ ಪೇಪರು ಹರಡಿ ಕೂತ ಹಿರಿಯರು.

ಹೆಣ್ಣೂರು ರಸ್ತೆ, ಬಾಣಸವಾಡಿ ರಸ್ತೆಗಳ ಹೆಸರು ಹೊತ್ತ ಎಚ್‌.ಆರ್‌.ಬಿ.ಆರ್. ಬಡಾವಣೆ ಬಿ.ಡಿ.ಎ. ಮಾಡಿದ್ದು. ಬೆಂಗಳೂರಿನ ಈ ಪೂರ್ವ ಭಾಗವನ್ನು ಬೆಳೆಸಿದ್ದೇ ಕಾರ್ಖಾನೆಗಳು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1964ರಲ್ಲಿ ಬೆಮಲ್, ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್. ಸೈರನ್ನಿಗೆ ಎದ್ದು, ಕಂಪನಿ ಬಸ್ಸು ಹತ್ತಿ, ಸೈರನ್ನಿಗೇ ಮರಳಿದ ಒಂದು ತಲೆಮಾರು ಪಿ.ಎಫ್., ಗ್ರಾಚ್ಯುಟಿ ಒಟ್ಟು ಹಾಕಿ 'ಥರ್ಟಿ-ಫಾರ್ಟಿ' ಸೈಟಿನಲ್ಲಿ ಮನೆ ಕಟ್ಟಿತು. ಜಲವಾಯು ವಿಹಾರದಲ್ಲಿ ನೌಕಾಪಡೆ, ವಾಯುಪಡೆಯವರು ನೆಲೆಸಿದರು. ದಂಡಿನ ಕಡೆಯಿಂದ ಬಂದ ತಮಿಳರು, ಮಲಯಾಳಿಗಳು, ತೆಲುಗರು, ಆಂಗ್ಲೋ ಇಂಡಿಯನ್ನರು ಸೇರಿಕೊಂಡರು. ಒಂದೇ ಪಾರ್ಕಿನ ಬೆಂಚಿನಲ್ಲಿ ನಾಲ್ಕು ಭಾಷೆ ಇಲ್ಲಿ ಮಾಮೂಲು.

ಕೆಳಗಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮೇಲಿನ ಎರಡು ಮಹಡಿಯಲ್ಲಿ ಮಾನ್ಯತಾ ಟೆಕ್ ಪಾರ್ಕಿಗೋ ವೈಟ್‌ಫೀಲ್ಡಿಗೋ ಹೋಗುವ ಬಾಡಿಗೆದಾರರು. ಮಗ ಡಲ್ಲಾಸಿನಲ್ಲಿ, ಮಗಳು ಪುಣೆಯಲ್ಲಿ.

ಆ ಬಾಡಿಗೆ ಐಷಾರಾಮಕ್ಕಲ್ಲ. ಕಾರ್ಖಾನೆಗಳಿಂದ ನಿವೃತ್ತರಾದ ಬಹುಪಾಲು ಮಂದಿಗೆ ಸಿಗುವುದು ಸರ್ಕಾರಿ ನೌಕರರ ಪಿಂಚಣಿಯಲ್ಲ, 1995ರ ನೌಕರರ ಪಿಂಚಣಿ ಯೋಜನೆಯ (ಇಪಿಎಸ್) ಪಿಂಚಣಿ. ಅದರ ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಬಿ.ಪಿ. ಮಾತ್ರೆಗೂ ಸಾಲದ ದುಡ್ಡು. 'ಸಕ್ರಿಯ ನಿವೃತ್ತಿ' ಎಂದು ಭಾಷಣ ಮಾಡುವವರು ಈ ಅಂಕಿಯನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು. ಹವ್ಯಾಸಕ್ಕೆ ಮೊದಲು ಅನ್ನ.

ನೌಕರಿ ಕೊಟ್ಟದ್ದು ಸಂಬಳವೊಂದನ್ನೇ?

ಅನ್ನಕ್ಕೆ ತೊಂದರೆ ಇಲ್ಲದವರೂ ನಿವೃತ್ತಿಯಾದ ಆರು ತಿಂಗಳಿಗೆ ಮಂಕಾಗುವುದನ್ನು ಎಲ್ಲರೂ ನೋಡಿದ್ದೇವೆ. ಮೊದಲ ತಿಂಗಳು ಹಾಯಾಗಿ ನಿದ್ದೆ. ಎರಡನೆಯ ತಿಂಗಳು ತಿರುಪತಿ, ಧರ್ಮಸ್ಥಳ. ಮೂರನೆಯ ತಿಂಗಳು ಅಡುಗೆಮನೆಯ ಡಬ್ಬಿಗಳಿಗೆ ಲೇಬಲ್ ಅಂಟಿಸುವ ಉತ್ಸಾಹ. ಆಮೇಲೆ ಹೆಂಡತಿ ಕೈಮುಗಿದು, "ಒಂದು ಸ್ವಲ್ಪ ಹೊರಗೆ ಹೋಗಿ ಬನ್ರೀ" ಎನ್ನುತ್ತಾರೆ.

ನೌಕರಿ ಸಂಬಳದ ಜೊತೆ ಬೇರೆ ನಾಲ್ಕನ್ನೂ ಸದ್ದಿಲ್ಲದೆ ಕೊಟ್ಟಿತ್ತು: ಏಳಲು ಒಂದು ಹೊತ್ತು, ಓಡಾಡಲು ಒಂದು ದಾರಿ, ಜಗಳವಾಡಲು ನಾಲ್ಕು ಜನ, "ನೀವಿಲ್ಲದೆ ಆಗಲ್ಲ ಸಾರ್" ಎನ್ನುವ ಒಂದು ಮಾತು. ಕಡೆಯ ದಿನ ಇವು ನಾಲ್ಕೂ ಒಟ್ಟಿಗೆ ನಿಲ್ಲುತ್ತವೆ. ಪಿಂಚಣಿ ಸಂಬಳದ ಜಾಗ ತುಂಬುತ್ತದೆ. ಉಳಿದ ನಾಲ್ಕರ ಜಾಗ ಖಾಲಿ.

ಈ ಖಾಲಿತನ ಮಿದುಳಿಗೂ ತಟ್ಟುತ್ತದೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ 'ವೈಟ್‌ಹಾಲ್' ಅಧ್ಯಯನದಲ್ಲಿ 3,400ಕ್ಕೂ ಹೆಚ್ಚು ಮಂದಿಯ ನೆನಪಿನ ಶಕ್ತಿಯನ್ನು ನಿವೃತ್ತಿಗೆ ಮೊದಲೂ ನಂತರವೂ ಅಳೆದು ನೋಡಿದರು. ಪದಗಳನ್ನು ನೆನಪಿಟ್ಟುಕೊಳ್ಳುವ ಸಾಮರ್ಥ್ಯ ನಿವೃತ್ತಿಯ ಬಳಿಕ ಶೇ 38ರಷ್ಟು ಹೆಚ್ಚು ವೇಗದಲ್ಲಿ ಕುಸಿದಿತ್ತು. ಬಳಸದ ಬುದ್ಧಿ ತುಕ್ಕು ಹಿಡಿಯುತ್ತದೆ ಎಂದು ಕಾರ್ಖಾನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಯಾಕ್ರೀ, ಎರಡು ದಿನ ಕಾಣಲಿಲ್ಲ?"

ಬೆಳಿಗ್ಗೆ ಆರಕ್ಕೆ ಬಡಾವಣೆಯ ಯಾವ ಪಾರ್ಕಿಗೆ ಹೋದರೂ ಗುಂಪುಗಳು ಕಾಣುತ್ತವೆ. ಬಿರುಸು ನಡಿಗೆಯವರು, ಯೋಗದವರು, ಕೈ ಮೇಲೆತ್ತಿ ಜೋರಾಗಿ ನಗುವ ನಗೆಕೂಟದವರು. ಈ ನಗೆಕೂಟದ ಚಾಳಿಯನ್ನು ವೈದ್ಯ ಮದನ್ ಕಟಾರಿಯಾ ಮುಂಬೈಯ ಪಾರ್ಕೊಂದರಲ್ಲಿ ಐದಾರು ಜನರನ್ನು ಕಟ್ಟಿಕೊಂಡು ಶುರುಮಾಡಿದ್ದು 1995ರಲ್ಲಿ. ಈಗ ದೇಶದ ಪಾರ್ಕುಗಳಲ್ಲೆಲ್ಲ ಅದರ ಸದ್ದು.

ನಡಿಗೆಗಿಂತ ದೊಡ್ಡ ಲಾಭ ನಡಿಗೆ ಮುಗಿದ ಮೇಲೆ ಸಿಗುತ್ತದೆ. ಬೆಂಚಿನ ಮೇಲೆ ಅರ್ಧ ಗಂಟೆ ರಾಜಕೀಯ, ಮೊಣಕಾಲು, ಮೊಮ್ಮಗನ ಸಿ.ಇ.ಟಿ. ಆಮೇಲೆ ದರ್ಶಿನಿಯಲ್ಲಿ ಬೈಟೂ ಕಾಫಿ. ಎರಡು ದಿನ ತಪ್ಪಿಸಿಕೊಂಡರೆ ಮೂರನೆಯ ದಿನ ಫೋನು: "ಯಾಕ್ರೀ, ಕಾಣಲಿಲ್ಲ? ಹುಷಾರಿದ್ದೀರಾ?"

ಈ ಪ್ರಶ್ನೆಯೇ ನಿವೃತ್ತ ಬದುಕಿನ ಅಳತೆಗೋಲು. ನೀವು ಬಾರದಿದ್ದರೆ ವಿಚಾರಿಸುವವರು ಇರುವ ಜಾಗ ಒಂದಾದರೂ ಇದೆಯೇ? ಇದ್ದರೆ ಅದು ಭಜನಾ ಮಂಡಳಿಯಾಗಲಿ, ಇಸ್ಪೀಟಿನ ಮೇಜಾಗಲಿ, ಚರ್ಚಿನ ಗಾಯಕವೃಂದವಾಗಲಿ, ಅಪಾರ್ಟ್‌ಮೆಂಟ್ ಸಂಘದ ಸಮಿತಿಯಾಗಲಿ, ವ್ಯತ್ಯಾಸವಿಲ್ಲ. ಮನೆಯಲ್ಲಿ ಒಬ್ಬರೇ ಕೂತು ಮಾಡುವ ಸುಡೊಕುವಿಗೆ ಈ ಗುಣವಿಲ್ಲ. ಅದು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ.

ಬಡಾವಣೆಯ ಸಂಘಗಳ ಲೆಕ್ಕಪತ್ರ, ಕಸ ವಿಂಗಡಣೆಯ ತಗಾದೆ, ಬೀದಿದೀಪದ ದೂರು, ರಾಜ್ಯೋತ್ಸವದ ಪೆಂಡಾಲು ಇವೆಲ್ಲ ನಡೆಯುತ್ತಿರುವುದು ಹೆಚ್ಚಾಗಿ ನಿವೃತ್ತರ ಹೆಗಲ ಮೇಲೆ. ಡ್ರಾಫ್ಟು ಬರೆಯುವ, ಫೈಲು ಬೆನ್ನುಹತ್ತುವ, ಕೌಂಟರಿನಲ್ಲಿ ತಾಳ್ಮೆಯಿಂದ ನಿಲ್ಲುವ ವಿದ್ಯೆ ಇವರಷ್ಟು ಕಲಿತವರು ಬೇರೆ ಯಾರಿದ್ದಾರೆ?

ಕಲಿತದ್ದನ್ನು ಹಂಚಿಕೊಳ್ಳುವ ದಾರಿಯೂ ಇದೆ. ಫ್ರಾನ್ಸಿನ ತುಲೂಸ್ ನಗರದಲ್ಲಿ 1973ರಲ್ಲಿ ನಿವೃತ್ತರಿಗೆಂದೇ ಒಂದು ವಿಶ್ವವಿದ್ಯಾಲಯ ಹುಟ್ಟಿತು. ಬ್ರಿಟನ್ನಿಗೆ ಹೋದಾಗ ಅದು ನಿವೃತ್ತರೇ ನಿವೃತ್ತರಿಗೆ ಪಾಠ ಮಾಡುವ ಕೂಟವಾಯಿತು. ಪರೀಕ್ಷೆ ಇಲ್ಲ, ಪದವಿ ಇಲ್ಲ. ಕಲ್ಯಾಣ ನಗರದಲ್ಲಿ ಅದಕ್ಕೆ ಬೇಕಾದ ಮೇಷ್ಟ್ರುಗಳು ಬೀದಿಗೆ ನಾಲ್ವರಿದ್ದಾರೆ. ಬ್ಯಾಂಕಿನವರು ಉಯಿಲು, ಠೇವಣಿ ವಿಚಾರ ಹೇಳಲಿ. ಐಟಿಐಯವರು ಮಿಕ್ಸಿ ರಿಪೇರಿ ಕಲಿಸಲಿ. ಕನ್ನಡ ಮೇಷ್ಟ್ರು ಮೇಲಿನ ಮಹಡಿಯ ಹುಡುಗರಿಗೆ ವಾರಕ್ಕೊಂದು ಸಂಜೆ ಕನ್ನಡ ಹೇಳಿಕೊಡಲಿ. ರಾಜ್ಯೋತ್ಸವಕ್ಕೆ ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ಬೇಕೆ?

ಗ್ರಂಥಾಲಯವನ್ನೂ ಮರೆಯಬೇಡಿ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಮನೆ ಮಾಲೀಕರು ವರ್ಷ ವರ್ಷ ಕಟ್ಟುತ್ತಲೇ ಇದ್ದಾರೆ. ದುಡ್ಡು ಕೊಟ್ಟ ಮೇಲೆ ಹೋಗಿ ಓದುವುದಕ್ಕೇನು?

> ಬಾಕ್ಸ್: ನಿವೃತ್ತಿಯ ನಂತರವೇ ನೆನಪಾಗುವವರು
>
> ಸರ್ ಎಂ. ವಿಶ್ವೇಶ್ವರಯ್ಯ: ಮುಂಬಯಿ ಸರ್ಕಾರದ ಕೆಲಸ ಬಿಟ್ಟದ್ದು 1908ರಲ್ಲಿ. ಕನ್ನಂಬಾಡಿ ಕಟ್ಟೆ, ಮೈಸೂರಿನ ದಿವಾನಗಿರಿ ಎಲ್ಲವೂ ಅದರ ನಂತರದ್ದು. ದಿವಾನಗಿರಿ ಬಿಟ್ಟ ಮೇಲೂ 44 ವರ್ಷ ಬದುಕಿದರು, ದುಡಿದರು.
>
> ಮಾಸ್ತಿ: 1943ರಲ್ಲಿ ಸರ್ಕಾರಿ ಹುದ್ದೆಗೆ ವಿದಾಯ. ಆಮೇಲೆ ಎರಡು ದಶಕ 'ಜೀವನ' ಪತ್ರಿಕೆಯ ಸಂಪಾದಕತ್ವ, 1956ರಲ್ಲಿ 'ಚಿಕವೀರ ರಾಜೇಂದ್ರ'. ಅದಕ್ಕೆ ಜ್ಞಾನಪೀಠ ಬಂದಾಗ 90 ದಾಟಿತ್ತು. ಕ್ಲಬ್ಬಿನ ಇಸ್ಪೀಟಾಟವನ್ನೂ ಬಿಡಲಿಲ್ಲ.
>
> ಎ.ಎನ್. ಮೂರ್ತಿರಾವ್: ಹುಟ್ಟಿದ್ದು 1900ರಲ್ಲಿ. ಬಹುಚರ್ಚಿತ 'ದೇವರು' ಪುಸ್ತಕ ಪ್ರಕಟವಾದದ್ದು 1991ರಲ್ಲಿ.
>
> ಜಿ. ವೆಂಕಟಸುಬ್ಬಯ್ಯ: 1973ರಲ್ಲಿ ವಿಜಯ ಕಾಲೇಜಿನಿಂದ ನಿವೃತ್ತಿ. 'ಇಗೋ ಕನ್ನಡ' ಅಂಕಣದಿಂದ ಮನೆಮಾತಾದದ್ದು ಆಮೇಲೆ. 2011ರಲ್ಲಿ, 97ರ ವಯಸ್ಸಿನಲ್ಲಿ, ಬೆಂಗಳೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು.

ಅಜ್ಜಿಯ ನಿವೃತ್ತಿ ಯಾವಾಗ?

ಈ ಮಾತೆಲ್ಲ ಗಂಡಸರದಾಯಿತು. ಗಂಡನಿಗೆ ನಿವೃತ್ತಿಯಾದ ದಿನದಿಂದ ಹೆಂಡತಿಗೆ ಓವರ್‌ಟೈಮು. ಬೆಳಿಗ್ಗೆ ಡಬ್ಬಿ ಕಟ್ಟಿ ಕಳಿಸಿದರೆ ಸಂಜೆಯವರೆಗೆ ಬಿಡುವಿದ್ದ ಮನೆಯಲ್ಲಿ ಈಗ ಹನ್ನೊಂದಕ್ಕೆ ಕಾಫಿ, ಒಂದಕ್ಕೆ ಬಿಸಿ ಊಟ, ನಾಲ್ಕಕ್ಕೆ "ಏನಾದ್ರೂ ಕುರುಕಲು ಇದ್ಯಾ?"

ಶಾಲೆ, ಬ್ಯಾಂಕು, ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದು ಬಂದ ಹೆಂಗಸರ ಸ್ಥಿತಿಯೂ ಬೇರೆಯಲ್ಲ. ಹೊರಗಿನ ಕೆಲಸ ನಿಂತಿತು, ಒಳಗಿನದು ದುಪ್ಪಟ್ಟಾಯಿತು. ಮೇಲೆ ಬಾಣಂತನದ ಕರೆ. ಅಮೆರಿಕದ ಆರು ತಿಂಗಳು ಪ್ರವಾಸವೇ ಎಂದು ಕೇಳಿ ನೋಡಿ. "ಡ್ಯೂಟಿ ಕಣ್ರೀ" ಎಂದು ನಗುತ್ತಾರೆ. ಮೊಮ್ಮಕ್ಕಳ ಮೇಲಿನ ಪ್ರೀತಿ ಸುಳ್ಳಲ್ಲ, ಸೊಂಟನೋವೂ ಸುಳ್ಳಲ್ಲ.

ಇವರ ಬದುಕಿಗೆ ಅನಿರೀಕ್ಷಿತವಾಗಿ ಕಿಟಕಿ ತೆರೆದದ್ದು ಬಸ್ಸು. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ನಾಲ್ಕು ಜನ ಗೆಳತಿಯರು ಆಧಾರ್ ಕಾರ್ಡು ಹಿಡಿದು ಶಿವಾಜಿನಗರಕ್ಕೆ, ಮಲ್ಲೇಶ್ವರಕ್ಕೆ, ಕಡಲೆಕಾಯಿ ಪರಿಷೆಗೆ ಹೊರಟರೆ ಯಾರ ಹತ್ತಿರವೂ ಕೈಯೊಡ್ಡಬೇಕಿಲ್ಲ, "ಡ್ರಾಪ್ ಮಾಡ್ತೀಯೇನೋ" ಎಂದು ಯಾರನ್ನೂ ಗೋಗರೆಯಬೇಕಿಲ್ಲ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಹೆಂಗಸರ ಸಕ್ರಿಯ ನಿವೃತ್ತಿಗೆ ಮೊದಲು ಬೇಕಾದದ್ದು ಹವ್ಯಾಸ ತರಗತಿಯಲ್ಲ, ಅಡುಗೆಮನೆಯಿಂದ ರಜೆ. ಗಂಡಸರು ಕಾಫಿ ಬೆರೆಸಲು ಕಲಿತರೆ ಅರ್ಧ ಕೆಲಸ ಆದಂತೆ.

ಅರವತ್ತರ ಅರ್ಜಿದಾರರು

ಕೆಲವರಿಗೆ ಮತ್ತೆ ದುಡಿಯುವುದೇ ಇಷ್ಟ, ಇನ್ನು ಕೆಲವರಿಗೆ ಅನಿವಾರ್ಯ. ಸೈನ್ಯದ ಜವಾನರಿಗೆ ಇದು ಹೊಸದಲ್ಲ. ನಲವತ್ತರ ಆಸುಪಾಸಿನಲ್ಲೇ ಸಮವಸ್ತ್ರ ಕಳಚಿ ಎರಡನೆಯ ಕೆಲಸ ಹುಡುಕುವುದು ಅವರ ವಾಡಿಕೆ.

ಬೆಂಗಳೂರಿನಲ್ಲಿ 60 ದಾಟಿದವರಿಗೆಂದೇ ಉದ್ಯೋಗ ಮೇಳ, ಕಂಪ್ಯೂಟರ್ ತರಬೇತಿ ನಡೆಸಿದ ಸಂಸ್ಥೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್. 1998ರಲ್ಲಿ ಶುರುವಾದ ಈ ಸಂಸ್ಥೆ 2002ರಲ್ಲಿ ನಗರ ಪೊಲೀಸರ ಜೊತೆ ಸೇರಿ ಹಿರಿಯರ ಸಹಾಯವಾಣಿ 1090 ಆರಂಭಿಸಿತು. ಕಲ್ಯಾಣ ನಗರದ ಪಕ್ಕದ ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗಾಗಿ 2010ರಲ್ಲಿ ಅದು ತೆರೆದ ಆರೈಕೆ ಕೇಂದ್ರವಿದೆ.

ಕೆಲಸಕ್ಕೆ ಮರಳುವವರಿಗೆ ಅನುಭವಿಗಳು ಹೇಳುವ ಕಿವಿಮಾತು ಒಂದೇ: ಹಳೆಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೋಗಬೇಡಿ. ಜನರಲ್ ಮ್ಯಾನೇಜರ್ ಆಗಿದ್ದವರು ಸಣ್ಣ ಅಂಗಡಿಯ ಲೆಕ್ಕ ಬರೆಯುವಾಗ ಇಪ್ಪತ್ತೈದರ ಹುಡುಗಿಯೇ ಬಾಸ್. ಅದನ್ನು ಒಪ್ಪಿಕೊಂಡವರು ಖುಷಿಯಾಗಿದ್ದಾರೆ.

ಕಿವಿ, ಕಣ್ಣು, ಕಾಲು

60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಎಂದು ರಾಷ್ಟ್ರೀಯ ಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ನಮ್ಮ ಹಳ್ಳಿಗಾಡಿನಲ್ಲಿ ಇದು ಹೇಗೆ ಬೆಳೆಯುತ್ತದೆಂದು ತಿಳಿಯಲು ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ.

ಸಮಾಧಾನದ ಸುದ್ದಿಯೂ ಇದೆ. 'ಲ್ಯಾನ್ಸೆಟ್' ಪತ್ರಿಕೆಯ ಆಯೋಗ 2024ರಲ್ಲಿ 14 ಕಾರಣಗಳನ್ನು ಪಟ್ಟಿ ಮಾಡಿತು. ಇವನ್ನು ಸರಿಪಡಿಸಿಕೊಂಡರೆ ಮರೆವಿನ ಕಾಯಿಲೆಯ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು. ರಕ್ತದೊತ್ತಡ, ಮಧುಮೇಹದ ಜೊತೆಗೆ ಕಿವಿ ಮಂದವಾಗುವುದು, ಕಣ್ಣು ಮಂದವಾದರೂ ಚಿಕಿತ್ಸೆ ಪಡೆಯದಿರುವುದು, ಓಡಾಟ ನಿಲ್ಲಿಸುವುದು, ಒಂಟಿಯಾಗುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಶ್ರವಣಯಂತ್ರ ಹಾಕಿಕೊಳ್ಳಲು ನಾಚಿಕೆ ಪಡುವ ಹಿರಿಯರು ಈ ಸಾಲನ್ನು ಎರಡು ಸಲ ಓದಬೇಕು. ಕಿವಿ ಕೇಳದಿದ್ದರೆ ಮಾತು ನಿಲ್ಲುತ್ತದೆ, ಮಾತು ನಿಂತರೆ ಜನ ದೂರವಾಗುತ್ತಾರೆ.

ವಾರಕ್ಕೆ ಕನಿಷ್ಠ 150 ನಿಮಿಷ ತುಸು ಬಿರುಸಿನ ನಡಿಗೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 65 ದಾಟಿದವರಿಗೆ ವಾರದಲ್ಲಿ ಮೂರು ದಿನ ಸಮತೋಲನದ ವ್ಯಾಯಾಮವನ್ನೂ ಅದು ಹೇಳುತ್ತದೆ. ಕುರ್ಚಿ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು ಅದಕ್ಕೆ ಒಳ್ಳೆಯ ಆರಂಭ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಎಷ್ಟೋ ಜನರ ಸಕ್ರಿಯ ಬದುಕು ಅಲ್ಲಿಗೇ ಮುಗಿಯುತ್ತದೆ.

ಆದರೆ ನಡೆಯುವುದೆಲ್ಲಿ? ಮೆಟ್ರೊ ನೀಲಿ ಮಾರ್ಗದ ಕಾಮಗಾರಿ ಶುರುವಾದ ಮೇಲೆ ಹೊರವರ್ತುಲ ರಸ್ತೆ ದಾಟುವುದು ಯುವಕರಿಗೇ ಸಾಹಸ. ಅಡ್ಡರಸ್ತೆಯ ಫುಟ್‌ಪಾತಿನಲ್ಲಿ ಸಡಿಲ ಚಪ್ಪಡಿ, ನಿಂತ ಬೈಕು, ಟ್ರಾನ್ಸ್‌ಫಾರ್ಮರು. "ಹಿರಿಯರೇ, ನಡೆಯಿರಿ" ಎಂದು ಉಪದೇಶಿಸುವ ಮೊದಲು ನಗರ ಅವರ ಕಾಲಡಿಗೆ ನಾಲ್ಕಡಿ ಸಮ ನೆಲ ಕೊಡಬೇಕು.

> ಬಾಕ್ಸ್: ಗೋಡೆಗೆ ಅಂಟಿಸಿಡಿ
>
> • 14567: ರಾಷ್ಟ್ರೀಯ ಹಿರಿಯರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8.
>
> • 1090: ಬೆಂಗಳೂರಿನ ಹಿರಿಯರ ಸಹಾಯವಾಣಿ.
>
> • 1930: ಸೈಬರ್ ವಂಚನೆಯಾದ ತಕ್ಷಣ. 'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಫೋನಿನಲ್ಲಿ ಹೆದರಿಸಿದರೆ ಕಟ್ ಮಾಡಿ, ಪಕ್ಕದ ಮನೆಯವರನ್ನು ಕರೆಯಿರಿ.
>
> • ದಾನಪತ್ರಕ್ಕೆ ಸಹಿ ಹಾಕುವ ಮುನ್ನ: "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತು ಬರೆಸಿ. ಆ ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ದಾನಪತ್ರ ರದ್ದು ಮಾಡಿಸಲು ಅವಕಾಶವಿದೆ.

ಕೊನೆಗೊಂದು ಮಾತು

ನಿವೃತ್ತಿಗೆ ಐದು ವರ್ಷ ಬಾಕಿ ಇರುವವರು ದುಡ್ಡಿನ ಲೆಕ್ಕ ಹಾಕುತ್ತಾರೆ. ಜನರ ಲೆಕ್ಕವನ್ನೂ ಈಗಲೇ ಹಾಕಿ. ಆಫೀಸಿನ ಗೆಳೆಯರು ಬೇರೆ ಬೇರೆ ಬಡಾವಣೆಗೆ ಚದುರುತ್ತಾರೆ. ನಿಮ್ಮ ಬೀದಿಯ ನಾಲ್ಕು ಮನೆಯವರ ಹೆಸರು ಗೊತ್ತಿಲ್ಲದಿದ್ದರೆ ಈ ಭಾನುವಾರವೇ ಶುರುಮಾಡಿ.

ಈಗಾಗಲೇ ನಿವೃತ್ತರಾದವರು ವಾರಕ್ಕೆ ಎರಡು ದಿನವಾದರೂ ನಿಗದಿತ ಹೊತ್ತಿಗೆ, ನಿಗದಿತ ಜನರ ನಡುವೆ ಇರುವ ಒಂದು ಕೆಲಸ ಹಿಡಿಯಿರಿ. ದುಡ್ಡು ಬಂದರೆ ಸರಿ, ಬಾರದಿದ್ದರೂ ಸರಿ.

ಮೇಲಿನ ಮಹಡಿಯ ಬಾಡಿಗೆದಾರರಿಗೂ ಒಂದು ಬಿನ್ನಹ. ತಿಂಗಳ ಮೊದಲ ತಾರೀಖು ಯುಪಿಐ ಮಾಡಿ ಸುಮ್ಮನಾಗಬೇಡಿ. ಕೆಳಗಿನ ಮನೆಯ ಅಂಕಲ್, ಆಂಟಿಯ ಫೋನ್ ನಂಬರು ಇಟ್ಟುಕೊಳ್ಳಿ, ನಿಮ್ಮದನ್ನು ಅವರಿಗೆ ಕೊಡಿ. ಎರಡು ದಿನ ಅವರು ಕಾಣದಿದ್ದರೆ ಬಾಗಿಲು ತಟ್ಟಿ ಕೇಳಿ.